ಎಲ್ಲರಿಗೂ ಹಾಡು ಕಲಿಸಬಹುದು ಎಂದ ಮೇಷ್ಟ್ರು

ಕೇಳುಗರಿಗೆಲ್ಲ ನಮಸ್ಕಾರ.

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಚರ್ಚುಗಳಲ್ಲಿ, ದೊಡ್ಡ ಅಂಗಡಿಗಳಲ್ಲಿ ಕೂಡ, ‘ಜಾಯ್ ಟು ದ ವರ್ಲ್ಡ್’ ಕೇಳಿಸುತ್ತದೆ. ಅದರ ಮೊದಲ ಸಾಲನ್ನು ಗಮನವಿಟ್ಟು ಕೇಳಿ. ಮೇಲಿನ ಷಡ್ಜದಿಂದ ಒಂದೊಂದೇ ಸ್ವರ ಇಳಿಯುತ್ತಾ ಕೆಳಗಿನ ಷಡ್ಜಕ್ಕೆ ಬರುತ್ತದೆ. ಶಂಕರಾಭರಣ ರಾಗದ ಅವರೋಹಣವೇ! ಮಾತುಗಳು ಇಂಗ್ಲೆಂಡಿನ ಐಸಾಕ್ ವಾಟ್ಸ್ 1719ರಲ್ಲಿ ಪ್ರಕಟಿಸಿದವು. ಇವತ್ತು ನಾವು ಕೇಳುವ ಧಾಟಿಯನ್ನು ತಿದ್ದಿ, ಹೊಂದಿಸಿ, 1830ರ ದಶಕದಲ್ಲಿ ಜನರ ಕೈಗೆ ಕೊಟ್ಟವರು ಅಮೆರಿಕದ ಲೋವೆಲ್ ಮೇಸನ್.

ಮೇಸನ್ ಹೆಸರು ಕೇಳಿದವರು ಅವರನ್ನು ಸ್ತುತಿಗೀತೆಗಳ ಸಂಗೀತಗಾರ ಎಂದೇ ನೆನೆಯುತ್ತಾರೆ. ನನಗೆ ಅವರು ಮೊದಲು ಮೇಷ್ಟ್ರು. ಹಾಡು ದೇವರು ಕೆಲವರಿಗೆ ಮಾತ್ರ ಕೊಟ್ಟ ವರ ಎಂದು ನಂಬಿದ್ದ ಕಾಲದಲ್ಲಿ, ಓದು ಬರಹ ಕಲಿಸಿದ ಹಾಗೆಯೇ ಹಾಡನ್ನೂ ಎಲ್ಲ ಮಕ್ಕಳಿಗೆ ಕಲಿಸಬಹುದು ಎಂದು ಅವರು ಹೇಳಿದರು. ಹೇಳಿ ಸುಮ್ಮನಾಗಲಿಲ್ಲ, ಮಾಡಿ ತೋರಿಸಿದರು.

ಅವರು ಹುಟ್ಟಿದ್ದು 1792ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಮೆಡ್‌ಫೀಲ್ಡ್ ಎಂಬ ಊರಿನಲ್ಲಿ. ಇಪ್ಪತ್ತರ ವಯಸ್ಸಿಗೆ ದೂರದ ಜಾರ್ಜಿಯಾದ ಸವಾನಾ ಪಟ್ಟಣಕ್ಕೆ ಹೋದರು. ಅಲ್ಲಿ ಹೊಟ್ಟೆಪಾಡಿಗೆ ಬ್ಯಾಂಕಿನ ಕೆಲಸ. ಉಳಿದ ಹೊತ್ತೆಲ್ಲ ಚರ್ಚಿನ ಆರ್ಗನ್, ಕ್ವಾಯರ್ ಅಂದರೆ ಹಾಡುವವರ ತಂಡ, ಸಂಡೇ ಸ್ಕೂಲ್. ಎಫ್. ಎಲ್. ಏಬಲ್ ಎಂಬ ಜರ್ಮನ್ ಗುರುವಿನ ಹತ್ತಿರ ಹಾರ್ಮನಿ, ಅಂದರೆ ಸ್ವರಗಳನ್ನು ಒಟ್ಟಿಗೆ ಜೋಡಿಸುವ ವಿದ್ಯೆ, ಕಲಿತರು. ಚರ್ಚಿನಲ್ಲಿ ಹಾಡಲು ಒಂದು ಸಂಗ್ರಹ ಸಿದ್ಧ ಮಾಡಿದರು. ಬೋಸ್ಟನ್ನಿನ ಹ್ಯಾಂಡಲ್ ಆ್ಯಂಡ್ ಹೈಡನ್ ಸೊಸೈಟಿ ಎಂಬ ಸಂಗೀತ ಸಂಘ 1822ರಲ್ಲಿ ಅದನ್ನು ಅಚ್ಚು ಹಾಕಿಸಿತು. ಮುಖಪುಟದಲ್ಲಿ ಮೇಸನ್ ಹೆಸರೇ ಇರಲಿಲ್ಲ! ಬ್ಯಾಂಕಿನವನು ಸಂಗೀತದವನೆಂದು ಹೆಸರಾಗುವುದು ಅವರಿಗೇ ಬೇಕಿರಲಿಲ್ಲ. ಪುಸ್ತಕ ಮಾತ್ರ ಮತ್ತೆ ಮತ್ತೆ ಅಚ್ಚಾಯಿತು. ಸೊಸೈಟಿಗೂ ದುಡ್ಡು ಬಂತು, ಅವರಿಗೂ ಬಂತು.

ಸವಾನಾದಲ್ಲಿ ಇರುವಾಗಲೇ ಅವರು ರೆಜಿನಾಲ್ಡ್ ಹೀಬರ್ ಎಂಬ ಇಂಗ್ಲಿಷ್ ಪಾದ್ರಿಯ ಗೀತೆಯೊಂದಕ್ಕೆ ಧಾಟಿ ಹಾಕಿದರು. ಈ ಹೀಬರ್ ಕಲ್ಕತ್ತೆಯ ಬಿಷಪ್ ಆಗಿ, 1826ರಲ್ಲಿ ತಿರುಚಿನಾಪಳ್ಳಿಯಲ್ಲಿ ತೀರಿಕೊಂಡವರು. ಅವರ ಆ ಗೀತೆ ನಮ್ಮಂಥ ದೇಶಗಳ ಜನರ ನಂಬಿಕೆಯನ್ನು ಕೀಳಾಗಿ ಕಾಣುತ್ತದೆ. ಮಾತುಗಳು ನನಗೆ ಹಿಡಿಸುವುದಿಲ್ಲ. ಧಾಟಿ ಮಾತ್ರ ಚೆನ್ನಾಗಿದೆ. ಸುಲಭ, ಗಟ್ಟಿ, ಒಂದೆರಡು ಸಲ ಕೇಳಿದರೆ ಬಾಯಿಗೆ ಬರುವಂಥದ್ದು.

1826ರಲ್ಲಿ ಬೋಸ್ಟನ್ನಿನ ಚರ್ಚೊಂದರಲ್ಲಿ ಅವರು ಚರ್ಚ್ ಸಂಗೀತದ ಬಗ್ಗೆ ಮಾತಾಡಿದರು. ಕ್ವಾಯರ್ ಸುಧಾರಿಸಬೇಕಾದರೆ ಚಿಕ್ಕ ವಯಸ್ಸಿನಿಂದಲೇ ಹಾಡು ಕಲಿಸಬೇಕು ಎಂಬುದು ಅವರ ವಾದ. ಮರುವರ್ಷ ಬೋಸ್ಟನ್ನಿಗೇ ಬಂದು ನೆಲೆಸಿದರು. ಚರ್ಚುಗಳ ಸಂಗೀತ ನೋಡಿಕೊಳ್ಳುತ್ತಾ ಮಕ್ಕಳ ತರಗತಿ ಶುರು ಮಾಡಿದರು. ಮೊದಮೊದಲು ಫೀಸೇ ಇಲ್ಲ.

ಅವರು ಕಲಿಸುತ್ತಿದ್ದ ರೀತಿ ಹೇಗಿತ್ತು? ಆಗ ಊರೂರಿನ ಹಾಡಿನ ಶಾಲೆಗಳಲ್ಲಿ ಮೊದಲು ಪುಸ್ತಕ ತೆರೆಯುತ್ತಿದ್ದರು. ಗೆರೆ ಏನು, ಚುಕ್ಕೆ ಏನು, ಅದರ ಹೆಸರೇನು ಎಂಬ ನಿಯಮಗಳನ್ನು ಉರು ಹೊಡೆಸುತ್ತಿದ್ದರು. ಮೇಸನ್ ಇದನ್ನು ತಲೆಕೆಳಗು ಮಾಡಿದರು. ಮೊದಲು ಕಿವಿ. ಮೇಷ್ಟ್ರು ಒಂದು ಸ್ವರ ಹಾಡಬೇಕು, ಮಕ್ಕಳು ಕೇಳಬೇಕು, ತಿರುಗಿ ಹಾಡಬೇಕು. ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಜೋರು, ಯಾವುದು ಮೆತ್ತಗೆ, ಇದನ್ನು ಮಕ್ಕಳೇ ಕಂಡುಹಿಡಿದು ಹೇಳಬೇಕು. ಆಮೇಲೆ ಬೋರ್ಡಿನ ಮೇಲೆ ಅದರ ಗುರುತು. ಒಂದು ಸಲಕ್ಕೆ ಒಂದೇ ಸಂಗತಿ: ಲಯದ ಪಾಠ ಬೇರೆ, ಸ್ವರದ ಪಾಠ ಬೇರೆ, ಸ್ವರದ ಬಲದ ಪಾಠ ಬೇರೆ. ಒಂದು ಕೈವಶ ಆದಮೇಲೇ ಇನ್ನೊಂದು. ಸ್ವಿಟ್ಜರ್ಲೆಂಡಿನ ಶಿಕ್ಷಣ ತಜ್ಞ ಪೆಸ್ಟಲಾಟ್ಸಿಯ ವಿಚಾರಗಳು ಇದರ ಹಿಂದೆ ಇದ್ದವು. 1834ರಲ್ಲಿ ಮೇಸನ್ ಇದನ್ನೆಲ್ಲ ಶಿಕ್ಷಕರಿಗೆ ಕೈಪಿಡಿಯಾಗಿ ಅಚ್ಚು ಮಾಡಿದರು.

ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ಕಲಿತವರಿಗೆ ಇದು ಹೊಸದೇನಲ್ಲ, ಅಲ್ವಾ? ಮೇಷ್ಟ್ರು ಹಾಡಿದ್ದನ್ನು ಕೇಳಿ ತಿರುಗಿ ಹಾಡುವುದು, ಕೈಯಲ್ಲಿ ತಾಳ ಹಾಕುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಆದರೆ ನಮ್ಮಲ್ಲಿ ಆ ಪಾಠ ಗುರುವಿನ ಮನೆಯ ನಾಲ್ಕಾರು ಶಿಷ್ಯರಿಗೆ ಸಿಗುತ್ತಿತ್ತು. ಮೇಸನ್ ಮುಂದೆ ಇದ್ದದ್ದು ತರಗತಿ ತುಂಬ ಮಕ್ಕಳು. ಅವರಲ್ಲಿ ಒಬ್ಬರನ್ನೂ ‘ನಿನಗೆ ಶ್ರುತಿ ನಿಲ್ಲಲ್ಲ, ಹೋಗು’ ಎಂದು ಕಳಿಸುವಂತಿರಲಿಲ್ಲ. ಅದು ತುಂಬ ದೊಡ್ಡ ಕೆಲಸ.

1833ರಲ್ಲಿ ಗೆಳೆಯರೊಂದಿಗೆ ಬೋಸ್ಟನ್ ಅಕಾಡೆಮಿ ಆಫ್ ಮ್ಯೂಸಿಕ್ ಕಟ್ಟಿದರು. ನಂತರ ಅವರ ಕಣ್ಣು ಹೋದದ್ದು ಸರ್ಕಾರಿ ಶಾಲೆಗಳ ಮೇಲೆ. ಬೋಸ್ಟನ್ ಶಾಲಾ ಸಮಿತಿ 1837ರಲ್ಲಿ ಈ ವಿಷಯವನ್ನು ಪರಿಶೀಲಿಸಿತು. ಸಂಗೀತದಿಂದ ಮಗುವಿನ ಬುದ್ಧಿಗೆ, ನಡತೆಗೆ, ದೇಹಕ್ಕೆ ಏನು ಪ್ರಯೋಜನ ಎಂದು ಮೂರೂ ಕಡೆಯಿಂದ ನೋಡಿ, ಕಲಿಸುವುದು ಒಳ್ಳೆಯದು ಎಂದು ವರದಿ ಬಂತು. ಒಪ್ಪಿಗೆಯೇನೋ ಸಿಕ್ಕಿತು, ದುಡ್ಡು ಮಾತ್ರ ಮಂಜೂರಾಗಲಿಲ್ಲ.

ಆಗ ಮೇಸನ್ ಮಾಡಿದ್ದನ್ನು ನೋಡಿ. ಸೌತ್ ಬೋಸ್ಟನ್ನಿನ ಹಾಸ್ ಶಾಲೆಯಲ್ಲಿ ಸಂಬಳವಿಲ್ಲದೆ ಕಲಿಸುತ್ತೇನೆ ಎಂದರು. 1837–38ರಲ್ಲಿ ಕಲಿಸಿದರು. 1838ರ ಆಗಸ್ಟ್‌ನಲ್ಲಿ ಆ ಮಕ್ಕಳು ಎಲ್ಲರೆದುರು ಹಾಡಿದರು. ಅದೇ ತಿಂಗಳು ಶಾಲಾ ಸಮಿತಿ ಸಂಗೀತವನ್ನು ಪಠ್ಯದೊಳಗೆ ತಂದು, ಕಲಿಸುವ ಹೊಣೆಯನ್ನು ಅವರಿಗೇ ಕೊಟ್ಟಿತು. ಅಮೆರಿಕದ ಸರ್ಕಾರಿ ಶಾಲೆಗಳ ಸಂಗೀತ ಪಾಠದ ಚರಿತ್ರೆಯನ್ನು ಇಲ್ಲಿಂದಲೇ ಶುರು ಮಾಡುವುದು ರೂಢಿ. ವಾದ ಮಾಡಿ ಗೆಲ್ಲಲಾಗದ್ದನ್ನು ಮಕ್ಕಳ ದನಿ ಗೆದ್ದುಕೊಟ್ಟಿತು.

ಮುಂದಿನದೆಲ್ಲ ಸಲೀಸಾಗಿ ಇರಲಿಲ್ಲ. 1845ರಲ್ಲಿ ಅದೇ ಸಮಿತಿ ಅವರನ್ನು ಕೆಲಸದಿಂದ ತೆಗೆದು, ಅವರ ಹಳೆಯ ಶಿಷ್ಯರೊಬ್ಬರನ್ನು ಆ ಜಾಗದಲ್ಲಿ ಕೂರಿಸಿತು. ಅದೇ ಕಾಲದಲ್ಲಿ ರಾಜ್ಯದ ಶಿಕ್ಷಣ ಮಂಡಳಿಯ ಹೊರೇಸ್ ಮನ್, ಮೇಸನ್ನರನ್ನು ಶಿಕ್ಷಕರ ತರಬೇತಿಗೆ ಕರೆಸಿಕೊಂಡರು. ಹಾಡು ಕಲಿಸುವುದನ್ನು ಊರೂರಿನ ಮೇಷ್ಟ್ರುಗಳಿಗೆ ಕಲಿಸುವ ಕೆಲಸ.

ಅವರ ಮೇಲೆ ನನಗೊಂದು ಬೇಸರವೂ ಇದೆ. ಮೇಸನ್ನರಿಗಿಂತ ಹಿಂದೆ ಬೋಸ್ಟನ್ನಿನಲ್ಲಿ ವಿಲಿಯಂ ಬಿಲಿಂಗ್ಸ್ ಎಂಬ ಚರ್ಮ ಹದ ಮಾಡುವವರಿದ್ದರು. ಅವರು, ಅವರಂಥವರು, ಒಂದು ದನಿಯ ಹಿಂದೆ ಇನ್ನೊಂದು ದನಿ ಓಡಿಬಂದು ಸೇರುವಂಥ ಒರಟು, ಹುರುಪಿನ ಹಾಡುಗಳನ್ನು ಕಟ್ಟಿದ್ದರು. ಮೇಸನ್ ಮತ್ತು ಅವರ ಬಳಗದವರಿಗೆ ಯೂರೋಪಿನ ನುಣುಪಾದ ಹಾರ್ಮನಿಯೇ ಸರಿ ಎನಿಸಿತು. ಅವರ ಪುಸ್ತಕಗಳು ಹಬ್ಬಿದಂತೆ ಆ ಹಳೆಯ ಹಾಡುಗಳು ಉತ್ತರದ ಪಟ್ಟಣಗಳಿಂದ ಮರೆಯಾದವು. ದಕ್ಷಿಣದ ಹಳ್ಳಿಗಳ ಜನ ಅವನ್ನು ಬಿಡಲಿಲ್ಲ. ಚೌಕ, ತ್ರಿಕೋನದಂಥ ಆಕಾರಗಳಲ್ಲಿ ಬರೆದ ಸ್ವರಗಳನ್ನು ಓದಿಕೊಂಡು ಇಂದಿಗೂ ಹಾಡುತ್ತಾರೆ. ಎಲ್ಲರಿಗೂ ಹಾಡು ಬೇಕು ಎಂದ ಮೇಷ್ಟ್ರು, ಜನ ಆಗಲೇ ಹಾಡುತ್ತಿದ್ದುದನ್ನು ಇನ್ನಷ್ಟು ಪ್ರೀತಿಯಿಂದ ಕೇಳಬಹುದಿತ್ತು.

1853ರಲ್ಲಿ, ಅರವತ್ತು ದಾಟಿದ ಮೇಲೆ, ನ್ಯೂಯಾರ್ಕಿನಲ್ಲಿ ಶಿಷ್ಯ ಜಾರ್ಜ್ ರೂಟ್ ಮುಂತಾದವರ ಜೊತೆ ಸೇರಿ ಸಂಗೀತ ಶಿಕ್ಷಕರಿಗೆಂದೇ ತರಗತಿ ತೆರೆದರು. 1855ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯ ಅವರಿಗೆ ಸಂಗೀತದ ಡಾಕ್ಟರೇಟ್ ಕೊಟ್ಟಿತು. ಮರುವರ್ಷ ‘ನಿಯರರ್, ಮೈ ಗಾಡ್, ಟು ದೀ’ ಗೀತೆಗೆ ಬೆಥನಿ ಎಂಬ ಧಾಟಿ ಹಾಕಿದರು. ಮಗ ವಿಲಿಯಂ, ಯೂರೋಪಿನ ಹೆಸರಾಂತ ಪಿಯಾನೋ ವಾದಕ ಲಿಸ್ಟ್ ಅವರ ಹತ್ತಿರ ಕಲಿತು ತಾವೂ ಪಿಯಾನೋ ವಾದಕರಾದರು. ಇನ್ನೊಬ್ಬ ಮಗ ಹೆನ್ರಿ ಆರ್ಗನ್ ತಯಾರಿಸುವ ಮೇಸನ್ ಆ್ಯಂಡ್ ಹ್ಯಾಮ್ಲಿನ್ ಕಂಪನಿ ಕಟ್ಟಿದರು. ಲೋವೆಲ್ ಮೇಸನ್ 1872ರಲ್ಲಿ ನ್ಯೂಜೆರ್ಸಿಯ ಆರೆಂಜ್‌ನಲ್ಲಿ ತೀರಿಕೊಂಡರು. ಆರ್ಗನ್ ವಾದಕ ರಿಂಕ್ ಅವರದಾಗಿದ್ದು, ಜರ್ಮನಿಯಿಂದ ಕೊಂಡು ತಂದಿದ್ದ ಸಂಗ್ರಹವೂ ಸೇರಿದಂತೆ, ಅವರ ಸಂಗೀತದ ಪುಸ್ತಕಗಳನ್ನೆಲ್ಲ ಮನೆಯವರು ಯೇಲ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು.

ನಮಸ್ಕಾರ.