ಜೂನ್ 30ರ ಆಚೆ

ಸ್ನೇಹಿತರೆ, ಇಂಗ್ಲೆಂಡಿನ ಕೆಳ ದರ್ಜೆಯ ಫುಟ್ಬಾಲ್ ಆಟಗಾರನ ಬದುಕು ಅರ್ಥವಾಗಬೇಕಾದರೆ ಗೋಲಿನ ಲೆಕ್ಕ ಬದಿಗಿಟ್ಟು ಕ್ಯಾಲೆಂಡರ್ ನೋಡಿ. ಪ್ರೀಮಿಯರ್ ಲೀಗ್‌ನ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ. ತಲಾ 24 ಕ್ಲಬ್ಬು, ವರ್ಷಕ್ಕೆ 46 ಲೀಗ್ ಪಂದ್ಯ. (ಲೀಗ್ ಒನ್ ಅಂದರೆ ಮೂರನೇ ದರ್ಜೆ. ಹೆಸರಿಟ್ಟವರನ್ನು ಮೆಚ್ಚಬೇಕು!) ಕೆಳಗಿನ ಎರಡರಲ್ಲಿ ಕರಾರು ಬಹುಮಟ್ಟಿಗೆ ಒಂದೋ ಎರಡೋ ವರ್ಷದ್ದು. ಮುಗಿಯುವುದು ಜೂನ್ 30ಕ್ಕೆ.

ಸೀಸನ್ ಮುಗಿದೊಡನೆ, ಮೇ ತಿಂಗಳಲ್ಲಿ, ಮ್ಯಾನೇಜರ್ ಒಬ್ಬೊಬ್ಬರನ್ನೇ ಕೋಣೆಗೆ ಕರೆಯುತ್ತಾನೆ. ಆಮೇಲೆ ಉಳಿದವರ, ಬಿಟ್ಟವರ ಪಟ್ಟಿ ಹೊರಬೀಳುತ್ತದೆ. ಕೈಬಿಟ್ಟವನಿಗೂ ಜೂನ್ ಕೊನೆಯವರೆಗೆ ಸಂಬಳ ಉಂಟು. ಮುಂದಿನ ಒಂದು ತಿಂಗಳ ಮೂಲ ವೇತನವನ್ನೂ ಹಳೆಯ ಕ್ಲಬ್ಬೇ ಕೊಡಬೇಕು. ಅಷ್ಟರಲ್ಲಿ ಆತ ಕಡಿಮೆ ಸಂಬಳಕ್ಕೆ ಬೇರೆಡೆ ಸೇರಿದರೆ ಕೊರತೆಯನ್ನಷ್ಟೇ ತುಂಬಿಕೊಡುತ್ತದೆ.

ಕರಾರಿನಲ್ಲಿ ಕಣ್ಣಿಟ್ಟು ಓದಬೇಕಾದದ್ದು ಎರಡು ಷರತ್ತು. ಒಂದು, ಕರಾರನ್ನು ಇನ್ನೊಂದು ವರ್ಷ ಮುಂದುವರಿಸುವ 'ಆಪ್ಷನ್'. ಸಾಮಾನ್ಯವಾಗಿ ಅದು ಕ್ಲಬ್ಬಿನ ಆಯ್ಕೆ, ಆಟಗಾರನದ್ದಲ್ಲ. ಇನ್ನೊಂದು, ಇಷ್ಟು ಪಂದ್ಯ ಆಡಿದರೆ ಕರಾರು ತಾನಾಗಿ ಮುಂದುವರಿಯುತ್ತದೆ ಎಂಬುದು. ಎಡವಟ್ಟಾಗುವುದು ಇಲ್ಲಿ. 25 ಪಂದ್ಯದ ಷರತ್ತಿದೆ ಅನ್ನಿ. 24 ಆಡಿದವನು ಏಪ್ರಿಲ್‌ನಲ್ಲಿ ದಿಢೀರನೆ ಬೆಂಚಿಗೆ ಬಿದ್ದರೆ ಕಾರಣ ಅವನ ಆಟವೇ ಆಗಿರಬೇಕಿಲ್ಲ, ಮುಂದಿನ ವರ್ಷದ ಸಂಬಳದ ಲೆಕ್ಕವೂ ಇರಬಹುದು. ಬದಲಿಯಾಗಿ ಹತ್ತು ನಿಮಿಷ ಇಳಿದದ್ದು ಪಂದ್ಯವೋ ಅಲ್ಲವೋ? ಸಹಿಗೆ ಮೊದಲೇ ಬರೆಸಿಕೊಳ್ಳಬೇಕು.

ಕರಾರೇ ಇಲ್ಲದ ಕಾಲ ಹೇಗಿರುತ್ತದೆ ಎನ್ನಲು ಆಟಗಾರ ರಿಕಿ ಲ್ಯಾಂಬರ್ಟ್‌ನ ಕಥೆ ಸಾಕು. ಹದಿನೈದನೇ ವಯಸ್ಸಿಗೆ ಲಿವರ್‌ಪೂಲ್ ಬಿಟ್ಟಿತು, ಆಮೇಲೆ ಬ್ಲ್ಯಾಕ್‌ಪೂಲ್ ಕೂಡ. ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಸಂಬಳವಿಲ್ಲದೆ ಅಭ್ಯಾಸ ಮಾಡುತ್ತ, ಹೊಟ್ಟೆಪಾಡಿಗೆ ಬೀಟ್‌ರೂಟ್ ಕಾರ್ಖಾನೆಯಲ್ಲಿ ಜಾಡಿಗಳ ಮುಚ್ಚಳ ತಿರುವಿದ. 2001ರಲ್ಲಿ ಅಲ್ಲೇ ಕರಾರಾಯಿತು. ಸ್ಟಾಕ್‌ಪೋರ್ಟ್, ರೋಚ್‌ಡೇಲ್, ಬ್ರಿಸ್ಟಲ್ ರೋವರ್ಸ್ ದಾಟಿ 2009ರಲ್ಲಿ ಸೌತಾಂಪ್ಟನ್. ಆಗಲೂ ಅದು ಮೂರನೇ ದರ್ಜೆಯ ಕ್ಲಬ್ಬು. 2013ರ ಆಗಸ್ಟ್‌ನಲ್ಲಿ, 31ನೇ ವಯಸ್ಸಿಗೆ, ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ಎದುರು ಇಂಗ್ಲೆಂಡ್ ಪರ ಇಳಿದು ಮೊದಲ ಸ್ಪರ್ಶದಲ್ಲೇ ತಲೆಯಿಂದ ಗೋಲು ಹೊಡೆದ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಏಕೆಂದರೆ ಇಂಥವು ತೀರಾ ಕಡಿಮೆ.

ಉಳಿದವರಿಗೆ ಜುಲೈನ ಅಭ್ಯಾಸ ಪಂದ್ಯಗಳೇ ಗತಿ. ಟ್ರಾನ್ಸ್‌ಫರ್ ವಿಂಡೋ (ಆಟಗಾರರು ಕ್ಲಬ್ ಬದಲಿಸಬಹುದಾದ ಅವಧಿ) ಮುಚ್ಚಿದ ಮೇಲೂ ಕರಾರಿಲ್ಲದವನು ಸೇರಬಹುದು ನಿಜ, ಆದರೆ ಅಷ್ಟು ಹೊತ್ತಿಗೆ ಕ್ಲಬ್ಬಿನ ಸಂಬಳದ ಹಣ ಖರ್ಚಾಗಿರುತ್ತದೆ. ಹಾಗಾಗಿ ಜುಲೈನಲ್ಲೇ ಯಾವುದೋ ಊರಿನ ಮೈದಾನದಲ್ಲಿ, ಪರೀಕ್ಷೆಗೆ ಬಂದ 'ಟ್ರಯಲಿಸ್ಟ್' ಆಗಿ, 45 ನಿಮಿಷ ಆಡುತ್ತಾನೆ. ಬೇರೆ ಕ್ಲಬ್ಬಿಗೆ ಸುಳಿವು ಸಿಗದಿರಲೆಂದು ತಂಡದ ಪಟ್ಟಿಯಲ್ಲಿ ಹೆಸರು ಹಾಕುವುದಿಲ್ಲ. ಇನ್ನೂರು ಪಂದ್ಯ ಆಡಿದವನಾದರೂ ಅವತ್ತು ಅವನ ಸಾಲಿನಲ್ಲಿ ಇರುವುದು ಒಂದೇ ಪದ: 'ಟ್ರಯಲಿಸ್ಟ್'.