ಗದ್ದೆ ಲೆಕ್ಕದಿಂದ ಶುರುವಾದ ಹೋರಾಟ

ಕೇಳುಗರೆಲ್ಲರಿಗೂ ನಮಸ್ಕಾರ.

1961ರ ಡಿಸೆಂಬರಿನಲ್ಲಿ ಪೋರ್ಚುಗೀಸರು ಗೋವಾ ಬಿಟ್ಟರು. ಕಾರವಾರ, ಬೆಳಗಾವಿ ಕಡೆಯ ಹಿರಿಯರಿಗೆ ಆ ದಿನಗಳು ನೆನಪಿರಬಹುದು. ಆದರೆ ಆಫ್ರಿಕಾದಲ್ಲಿ ಅವರು ಜಪ್ಪಯ್ಯ ಅಂದರೂ ಕದಲಲಿಲ್ಲ. ಅಂಗೋಲಾ, ಮೊಜಾಂಬಿಕ್, ಗಿನಿ ಇವು ವಸಾಹತುಗಳೇ ಅಲ್ಲ, ಸಮುದ್ರದಾಚೆ ಇರುವ ನಮ್ಮದೇ ಪ್ರಾಂತ್ಯಗಳು ಎನ್ನುತ್ತಿತ್ತು ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿ ಕೂತಿದ್ದ ಸರ್ವಾಧಿಕಾರಿ ಸಲಜಾರ್ ಸರ್ಕಾರ. ಗೋವಾ ಬಗ್ಗೆಯೂ ಇದೇ ರಾಗ ಹಾಡಿತ್ತು ಅಲ್ವಾ?

ಆ ಗಿನಿಯಲ್ಲಿ, ಅಂದರೆ ಪಶ್ಚಿಮ ಆಫ್ರಿಕಾದ ಇಂದಿನ ಗಿನಿ-ಬಿಸಾವ್‌ನಲ್ಲಿ, ಹೋರಾಟ ಕಟ್ಟಿದವರು ಅಮಿಲ್ಕಾರ್ ಕಬ್ರಾಲ್. ಹುಟ್ಟಿದ್ದು 1924ರಲ್ಲಿ, ಬಫಾಟಾ ಊರಿನಲ್ಲಿ. ಬೆಳೆದದ್ದು ಅಟ್ಲಾಂಟಿಕ್ ಸಾಗರದಲ್ಲಿರುವ, ಆಗ ಪೋರ್ಚುಗೀಸರದ್ದೇ ಆಗಿದ್ದ ಕೇಪ್ ವರ್ದ್ ದ್ವೀಪಗಳಲ್ಲಿ. 1940ರ ದಶಕದಲ್ಲಿ ಅಲ್ಲಿ ಮಳೆ ಕೈಕೊಟ್ಟು ಹತ್ತಾರು ಸಾವಿರ ಜನ ಹಸಿವಿನಿಂದ ಸತ್ತರು. ಹುಡುಗ ಲಿಸ್ಬನ್ನಿಗೆ ಹೋಗಿ ಕೃಷಿ ಓದಿದ.

1952ರಲ್ಲಿ ಸರ್ಕಾರಿ ಕೃಷಿ ಅಧಿಕಾರಿಯಾಗಿ ಗಿನಿಗೆ ಬಂದರು. ಮರುವರ್ಷ ಕೃಷಿ ಗಣತಿಯ ಕೆಲಸ ಅವರ ಹೆಗಲಿಗೆ ಬಿತ್ತು. ಊರೂರು ಸುತ್ತಿದರು. ಯಾರ ಹತ್ತಿರ ಎಷ್ಟು ಜಮೀನು, ಏನು ಬೆಳೆ ಅಂತ ಬರೆದುಕೊಂಡರು. ಸಂಬಳ ಸರ್ಕಾರದ್ದು. ಆ ತಿಳಿವಳಿಕೆ ಮಾತ್ರ ಅದೇ ಸರ್ಕಾರದ ವಿರುದ್ಧ ಕೆಲಸಕ್ಕೆ ಬಂತು!

ದಕ್ಷಿಣದ ಬಲಾಂತ ಜನ ಕಾಂಡ್ಲಾ ಕಾಡಿನ ಕೆಸರಿನಲ್ಲಿ ಏರಿ ಕಟ್ಟಿ, ಉಪ್ಪುನೀರು ತಡೆದು ಭತ್ತ ಬೆಳೆಯುತ್ತಿದ್ದರು. ನಮ್ಮ ಕುಮಟಾ ಕಡೆಯ ಗಜನಿ ಗದ್ದೆ ಇದ್ದ ಹಾಗೆ. ಅವರಿಗೆ ದೊರೆಯಿಲ್ಲ, ಹಿರಿಯರು ಕೂತು ಮಾತಾಡಿದರೆ ಮುಗಿಯಿತು. ಒಳನಾಡಿನ ಫುಲಾ ಜನರಲ್ಲಿ ಮುಖ್ಯಸ್ಥರದ್ದೇ ಕಾರುಬಾರು, ಅವರಲ್ಲಿ ಹೆಚ್ಚಿನವರು ಪೋರ್ಚುಗೀಸರ ಕಡೆ. ಯಾವ ಊರು ಮೊದಲು ಜೊತೆಗೆ ಬಂದೀತು ಎಂಬುದು ಕಬ್ರಾಲ್‌ಗೆ ಈ ಓಡಾಟದಲ್ಲೇ ಗೊತ್ತಾಯಿತು.

1956ರಲ್ಲಿ ಗುಟ್ಟಾಗಿ ಪಕ್ಷ ಹುಟ್ಟಿತು, ಪಿಎಐಜಿಸಿ. ಅಂದರೆ ಗಿನಿ ಮತ್ತು ಕೇಪ್ ವರ್ದ್ ಸ್ವಾತಂತ್ರ್ಯಕ್ಕಾಗಿನ ಆಫ್ರಿಕನ್ ಪಕ್ಷ. 1959ರ ಆಗಸ್ಟ್ 3ರಂದು ಬಿಸಾವ್ ಬಂದರಿನಲ್ಲಿ ಕೂಲಿ ಜಾಸ್ತಿ ಕೇಳಿ ಮುಷ್ಕರ ಹೂಡಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸುಮಾರು 50 ಎಂದು ಪಕ್ಷ ಹೇಳಿತು. ಪೇಟೆಯಲ್ಲಿ ಮುಷ್ಕರ ಮಾಡಿದರೆ ಸುಮ್ನೆ ಸಾಯುವುದಷ್ಟೇ ಎಂದು ಖಚಿತವಾಯಿತು. ಪಕ್ಷ ಹಳ್ಳಿಗೆ ಹೊರಳಿತು. 1963ರ ಜನವರಿಯಲ್ಲಿ ಟೀಟೆ ಎಂಬ ಊರಿನ ಪೋರ್ಚುಗೀಸ್ ಸೇನಾ ಠಾಣೆಯ ಮೇಲೆ ದಾಳಿ ನಡೆದು ಯುದ್ಧ ಶುರುವಾಯಿತು.

ನನಗೆ ಬಂದೂಕಿಗಿಂತ ಅಂಗಡಿಗಳ ಕಥೆಯೇ ಹೆಚ್ಚು ಇಷ್ಟ. ಬಿಡಿಸಿಕೊಂಡ ಪ್ರದೇಶಗಳಲ್ಲಿ ಪಕ್ಷ 'ಜನರ ಅಂಗಡಿ' ತೆರೆಯಿತು. ರೈತ ಅಕ್ಕಿ ತಂದು ಕೊಟ್ಟು ಬಟ್ಟೆ ಒಯ್ಯುತ್ತಿದ್ದ. ಮೇಲೆ ಬೆಂಕಿ ಹಚ್ಚುವ ನಪಾಮ್ ಬಾಂಬು ಹಾಕುವ ಪೋರ್ಚುಗೀಸ್ ವಿಮಾನಗಳು, ಕೆಳಗೆ ಮರದಡಿ ಶಾಲೆ. ಜನ ಯಾರದೋ ತಲೆಯಲ್ಲಿರುವ ವಿಚಾರಗಳಿಗಾಗಿ ಹೋರಾಡುವುದಿಲ್ಲ, ಬದುಕು ಸುಧಾರಿಸಲಿ ಅಂತ ಹೋರಾಡುತ್ತಾರೆ ಎಂದು ಕಬ್ರಾಲ್ ಕಾರ್ಯಕರ್ತರಿಗೆ ಬರೆದರು. ಜನರಿಗೆ ಸುಳ್ಳು ಹೇಳಬೇಡಿ, ಸುಲಭದಲ್ಲಿ ಗೆದ್ದೆವೆಂದು ಕೊಚ್ಚಿಕೊಳ್ಳಬೇಡಿ ಅಂತಲೂ ಎಚ್ಚರಿಸಿದರು.

1973ರ ಜನವರಿ 20ರ ರಾತ್ರಿ, ಗಿನಿ ಎಂದೇ ಹೆಸರಿರುವ ಇನ್ನೊಂದು ನೆರೆಯ ದೇಶದ ರಾಜಧಾನಿ ಕೊನಾಕ್ರಿಯಲ್ಲಿ, ಮನೆಯ ಹತ್ತಿರವೇ ಅವರನ್ನು ಕೊಂದರು. ಕೊಂದವರು ಸ್ವಂತ ಪಕ್ಷದವರೇ. ಹಿಂದೆ ಪೋರ್ಚುಗೀಸ್ ಗುಪ್ತ ಪೊಲೀಸರ ಕೈ ಇತ್ತು ಎಂಬ ಅನುಮಾನ ಇವತ್ತಿಗೂ ಇದೆ.

ಅದೇ ವರ್ಷ ಸೆಪ್ಟೆಂಬರ್ 24ರಂದು ಗಿನಿ-ಬಿಸಾವ್ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಮರು ಏಪ್ರಿಲ್‌ನಲ್ಲಿ, ಈ ಯುದ್ಧಗಳಿಂದ ರೋಸಿಹೋದ ಸೇನಾಧಿಕಾರಿಗಳೇ ಲಿಸ್ಬನ್ನಿನ ಸರ್ಕಾರ ಉರುಳಿಸಿದರು. ಗಿನಿ-ಬಿಸಾವ್‌ಗೆ ಅಮಿಲ್ಕಾರ್ ಅವರ ಮಲತಮ್ಮ ಲೂಯಿಸ್ ಕಬ್ರಾಲ್ ಮೊದಲ ಅಧ್ಯಕ್ಷರಾದರು. ಗಿನಿ ಮತ್ತು ಕೇಪ್ ವರ್ದ್ ಒಂದೇ ದೇಶವಾಗಬೇಕೆಂಬುದು ಅಮಿಲ್ಕಾರ್ ಆಸೆಯಾಗಿತ್ತು. 1980ರಲ್ಲಿ ಬಿಸಾವ್‌ನಲ್ಲಿ ಸೇನಾ ಕ್ರಾಂತಿಯಾಗಿ ಲೂಯಿಸ್ ಪದಚ್ಯುತರಾದರು. ಎರಡೂ ದೇಶಗಳ ದಾರಿ ಬೇರೆಯಾಯಿತು.