ಚಾವಣಿ ಇಳಿಸಿದ ಮೇಲೆ ಅರವತ್ತರ ವೇಗವೇ ಸಾಕು

ಪರದೆಯ ಎಡಮೂಲೆಯಲ್ಲಿ ಕಾಣುತ್ತಿರುವ ಸ್ಪೀಡೋಮೀಟರನ್ನು ಒಮ್ಮೆ ಗಮನಿಸಿ. ಮುಳ್ಳು 60ನ್ನು ದಾಟಿಲ್ಲ. ಮುಚ್ಚಿದ ಕಾರಿನಲ್ಲಿ ಇದೇ ರಸ್ತೆಯಲ್ಲಿ ಇದೇ ವೇಗದಲ್ಲಿ ಸಾಗುತ್ತಿದ್ದರೆ ನನಗೆ ಆಕಳಿಕೆ ಬರುತ್ತಿತ್ತು, ಕೈ ತಾನಾಗಿಯೇ ರೇಡಿಯೊ ಕಡೆಗೆ ಹೋಗುತ್ತಿತ್ತು. ಚಾವಣಿ ಇಳಿಸಿರುವ ಈ ಎರಡು ಸೀಟಿನ ಪುಟ್ಟ ಕಾರಿನಲ್ಲಿ ಅದೇ ಅರವತ್ತು ಮೈಯನ್ನೂ ಮನಸ್ಸನ್ನೂ ಪೂರ್ತಿ ತುಂಬಿಕೊಂಡಿದೆ. ಸ್ಪೋರ್ಟ್ಸ್ ಕಾರು ಎಂದೊಡನೆ ಎಲ್ಲರೂ ವೇಗದ ಮಾತೆತ್ತುತ್ತಾರೆ; ಆದರೆ ಚಾವಣಿ ತೆರೆಯುವ ಸ್ಪೋರ್ಟ್ಸ್ ಕಾರಿನ ನಿಜವಾದ ಸುಖ ನಿಧಾನವಾಗಿ ಓಡಿಸುವುದರಲ್ಲಿದೆ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಅದು ಏಕೆ ಹಾಗೆ ಎಂಬುದನ್ನು ಈ ದಾರಿಯಲ್ಲಿ ಸಾಗುತ್ತಲೇ ತೋರಿಸುತ್ತೇನೆ.

ಇದು ಮಜ್ದಾ ಎಂಎಕ್ಸ್-5, ಅದರ ನಾಲ್ಕನೆಯ ತಲೆಮಾರಿನ ಕಾರು. ತೂಕ ಹೆಚ್ಚುಕಡಿಮೆ ಒಂದು ಟನ್. ಎಂಜಿನ್ ಮುಂದಿದೆ, ಅದರ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಚಾವಣಿ ಬಟ್ಟೆಯದು, ಅದಕ್ಕೆ ಮೋಟಾರ್ ಇಲ್ಲ. ಮುಂಗಾಜಿನ ಮೇಲಂಚಿನ ನಡುವೆ ಇರುವ ಒಂದೇ ಕೊಂಡಿಯನ್ನು ಬಿಡಿಸಿ, ಕುಳಿತಲ್ಲಿಂದಲೇ ಒಂದು ಕೈಯಲ್ಲಿ ಹಿಂದಕ್ಕೆ ತಳ್ಳಿ ಅದುಮಿದರೆ ಅದು ಸೀಟುಗಳ ಹಿಂದೆ ಮಡಚಿಕೊಂಡು ಕಚಕ್ಕನೆ ಕೂರುತ್ತದೆ. ಗುಂಡಿ ಒತ್ತಿದರೆ ತಾನಾಗಿ ತೆರೆಯುವ ಚಾವಣಿಗಳೂ ಬಹಳ ಮುಂದುವರಿದಿವೆ. 2012ರಲ್ಲಿ ಬಂದ ಪೋರ್ಷೆ ಬಾಕ್ಸ್‌ಸ್ಟರ್‌ನ ಚಾವಣಿ ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವಾಗಲೂ ಸುಮಾರು 9 ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ. ಆದರೂ ನನ್ನ ಒಲವು ಈ ಕೈಯಾರೆ ಮಾಡುವ ಕೆಲಸದ ಕಡೆಗೇ. ಕೆಟ್ಟುಹೋಗಲು ಅಲ್ಲಿ ಹೆಚ್ಚೇನೂ ಇಲ್ಲ, ಮತ್ತು ಹತ್ತು ನಿಮಿಷದ ದಾರಿಗೂ ಚಾವಣಿ ಇಳಿಸುವ ಮನಸ್ಸಾಗುವಷ್ಟು ಅದು ಸಲೀಸಾಗಿದೆ.

ಈಗ ನೀವು ನೋಡುತ್ತಿರುವುದು ಸೀಟಿನ ಹಿಂಭಾಗಕ್ಕೆ ನಾನು ಅಂಟಿಸಿರುವ ಉಣ್ಣೆಯ ದಾರದ ತುಂಡುಗಳನ್ನು. ಕಾರು ಮುಂದಕ್ಕೆ ಹೋಗುತ್ತಿರುವಾಗ ದಾರ ಹಿಂದಕ್ಕೆ ಹಾರಬೇಕು ಎಂದೇ ಯಾರಾದರೂ ಎಣಿಸುತ್ತಾರೆ. ಆದರೆ ನೋಡಿ, ಅವು ಮುಂದಕ್ಕೆ, ನನ್ನ ಕುತ್ತಿಗೆಯ ಕಡೆಗೆ ಹಾರುತ್ತಿವೆ. ಮುಂಗಾಜಿನ ಇಳಿಜಾರನ್ನು ಏರಿ ಬಂದ ಗಾಳಿಗೆ ಅದರ ಮೇಲಂಚಿನ ಆಚೆ ಅಂಟಿಕೊಂಡು ಸಾಗಲು ಏನೂ ಸಿಗುವುದಿಲ್ಲ. ಅಂಚಿನಲ್ಲಿ ಬಿಡಿಸಿಕೊಂಡ ಪ್ರವಾಹವು ತಲೆಯ ಮೇಲೆ ಅದುರುವ ಪದರವಾಗಿ ಹಾದುಹೋಗುತ್ತದೆ, ಅದರ ಕೆಳಗೆ ನಾವು ಕುಳಿತಿರುವ ಜಾಗದಲ್ಲಿ ಒತ್ತಡ ತಗ್ಗುತ್ತದೆ, ಆ ಕೊರತೆಯನ್ನು ತುಂಬಲು ಡಿಕ್ಕಿಯ ಮೇಲಿನ ಗಾಳಿ ಹಿಂದಿರುಗಿ ಸೀಟುಗಳ ನಡುವಿನಿಂದ ಒಳಗೆ ನುಗ್ಗುತ್ತದೆ. ತೆರೆದ ಕಾರಿನಲ್ಲಿ ಕೂದಲು ಹಿಂದಕ್ಕೆ ಹಾರದೆ ಮುಖದ ಮೇಲೆ ಬಂದು ಬೀಳುವುದು ಇದರಿಂದಲೇ. 1989ರ ಮರ್ಸಿಡಿಸ್ ಎಸ್ಎಲ್ ಕಾರಿನಲ್ಲಿ ಈ ಹಿಮ್ಮುಖ ಗಾಳಿಯನ್ನು ತಡೆಯಲು ಸೀಟುಗಳ ಹಿಂದೆ ನಿಲ್ಲಿಸುವ ಬಲೆಯ ಪರದೆಯೊಂದನ್ನು ತಂದರು. ಈಗ ಹೆಚ್ಚಿನ ತೆರೆದ ಕಾರುಗಳಲ್ಲಿ ಅಂಥದ್ದೊಂದು ತಡೆ ಇದ್ದೇ ಇರುತ್ತದೆ.

ನಿಧಾನದ ಪರವಾಗಿ ನನ್ನ ವಾದಕ್ಕೆ ಭೌತಶಾಸ್ತ್ರವೇ ಮೊದಲ ಸಾಕ್ಷಿ. ವೇಗ ಎರಡು ಪಟ್ಟಾದರೆ ಗಾಳಿಯ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ, ಅದರ ಸದ್ದು ಇನ್ನೂ ಕಡಿದಾಗಿ ಏರುತ್ತದೆ. 60ರಲ್ಲಿ ಪಕ್ಕದಲ್ಲಿ ಕುಳಿತವರೊಡನೆ ಸಾಮಾನ್ಯ ದನಿಯಲ್ಲಿ ಮಾತನಾಡಬಹುದು. 120ರಲ್ಲಿ ಕಿವಿಯ ಬಳಿ ಗಾಳಿಯ ಅಬ್ಬರವೊಂದನ್ನು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಎಂಜಿನ್ನೂ ಕೇಳುವುದಿಲ್ಲ, ಹಕ್ಕಿಯೂ ಕೇಳುವುದಿಲ್ಲ, ಯಾವ ವಾಸನೆಯೂ ಮೂಗಿನಲ್ಲಿ ನಿಲ್ಲುವುದಿಲ್ಲ. ಚಾವಣಿ ತೆರೆದದ್ದು ಏತಕ್ಕೆಂದು ಆ ವೇಗದಲ್ಲಿ ಮರೆತೇ ಹೋಗುತ್ತದೆ.

ಈಗ ರಸ್ತೆ ಇಳಿಯುತ್ತಾ ಹಳ್ಳದ ಸೇತುವೆಯ ಕಡೆಗೆ ಹೋಗುತ್ತಿದೆ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿದೆ. ಕ್ಯಾಮೆರಾಗೆ ಏನೂ ತಿಳಿಯುತ್ತಿಲ್ಲ, ಆದರೆ ಈ ಕ್ಷಣದಲ್ಲಿ ನನ್ನ ತೋಳುಗಳಿಗೆ ಬಾವಿಯ ನೀರಿಗೆ ಇಳಿದಂತಹ ತಂಪು ತಾಗಿದೆ. ಸಂಜೆಯಾದೊಡನೆ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ, ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಭಾರವಾದ ಗಾಳಿ ಇಳಿಜಾರುಗಳ ಮೇಲೆ ನಿಧಾನವಾಗಿ ಜಾರಿ ತಗ್ಗುಗಳಲ್ಲಿ ಬಂದು ಸೇರುತ್ತದೆ. ಸೇತುವೆ ದಾಟಿ ಮತ್ತೆ ಏರು ಹತ್ತಿದ ಕೂಡಲೇ ಬೆಚ್ಚಗಿನ ಪದರ ಎದುರಾಗುತ್ತದೆ. ಭೂಪಟದಲ್ಲಿ ಗೆರೆಗಳಾಗಿ ಮಾತ್ರ ಕಾಣುವ ನೆಲದ ಏರಿಳಿತವು ತೆರೆದ ಕಾರಿನಲ್ಲಿ ಚರ್ಮದ ಮೇಲೆ ಓದಲು ಸಿಗುತ್ತದೆ. ಎತ್ತರದ ಬೆಟ್ಟದ ದಾರಿಯಾದರೆ ಈ ಲೆಕ್ಕ ತಿರುವುಮುರುವಾಗುತ್ತದೆ: ಹಗಲಿನಲ್ಲಿ ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣಾಂಶ ಇಳಿಯುತ್ತದೆ, ಒಂದೊಂದು ಹೇರ್‌ಪಿನ್ ತಿರುವು ದಾಟಿದ ಮೇಲೂ ಗಾಳಿ ಇನ್ನಷ್ಟು ತೆಳುವಾಗಿ, ಚುರುಕಾಗಿ ಮುಖಕ್ಕೆ ತಾಗುತ್ತದೆ. ಹವಾನಿಯಂತ್ರಿತ ಕಾರಿನಲ್ಲಿ ಈ ಎಲ್ಲ ವ್ಯತ್ಯಾಸವನ್ನೂ ಅಳಿಸಿ ಒಂದೇ ಸಂಖ್ಯೆಯಾಗಿಸಲು ಯಂತ್ರವೊಂದು ಸದಾ ದುಡಿಯುತ್ತಿರುತ್ತದೆ.

ವಾಸನೆಯ ಬಗ್ಗೆ ಎಷ್ಟು ಹೇಳಿದರೂ ಸಾಲದು. ಹೊಸದಾಗಿ ಕೊಯ್ದ ಹುಲ್ಲು, ಬಿಸಿಲಿಗೆ ಕಾದ ಡಾಂಬರು, ಎಲ್ಲೋ ಉರಿಯುತ್ತಿರುವ ಸೌದೆಯ ಹೊಗೆ, ಮೊದಲ ಹನಿಗೆ ನೆನೆದ ಮಣ್ಣು, ಮರಗಳ ನೆರಳಿನಲ್ಲಿ ಕೊಳೆಯುತ್ತಿರುವ ಎಲೆ, ಇವೆಲ್ಲ ಕೆಲವೇ ಮೀಟರುಗಳ ಅಂತರದಲ್ಲಿ ಒಂದರ ಬೆನ್ನಿಗೆ ಒಂದು ಬರುತ್ತವೆ. ಮುಂದೆ ಹಳೆಯ ಲಾರಿಯಿದ್ದರೆ ಅದರ ಹೊಗೆಯೂ ಅಷ್ಟೇ ನಿಸ್ಸಂಕೋಚವಾಗಿ ಬರುತ್ತದೆ, ಆಗ ಹಿಂದಕ್ಕೆ ಸರಿದು ಅಂತರ ಬಿಡುವುದೊಂದೇ ದಾರಿ. ಬೈಕ್ ಓಡಿಸುವವರಿಗೆ ಇದೆಲ್ಲ ಗೊತ್ತಿರುವ ಸಂಗತಿಯೇ. ಕಾರಿನಲ್ಲಿ ವಿಶೇಷವೆಂದರೆ, ಕಾಲಿನ ಬಳಿ ಹೀಟರ್ ಬೆಚ್ಚಗೆ ಊದುತ್ತಿರುವಾಗ, ಹೆಲ್ಮೆಟ್ಟಿನ ಅಡ್ಡಿಯಿಲ್ಲದೆ, ಪಕ್ಕದವರ ಮುಖ ನೋಡುತ್ತಾ ಇವನ್ನೆಲ್ಲ ಹಂಚಿಕೊಳ್ಳಬಹುದು.

ಹೀಟರ್ ಎಂದೆ. ತೆರೆದ ಕಾರು ಬೇಸಿಗೆಯದ್ದು ಎಂಬ ಗ್ರಹಿಕೆಯನ್ನು ನಾನು ಒಪ್ಪುವುದಿಲ್ಲ. ಸುಡುವ ಮಧ್ಯಾಹ್ನ ಚಾವಣಿ ಇಳಿಸುವುದು ನೆತ್ತಿಗೂ ಚರ್ಮಕ್ಕೂ ಶಿಕ್ಷೆ; ಮುಂಗಾಜು ನೇರಳಾತೀತ ಕಿರಣಗಳ ಬಹುಪಾಲನ್ನು ತಡೆದರೂ ಮೇಲಿನಿಂದ ಬೀಳುವ ಬಿಸಿಲಿಗೆ ಯಾವ ತಡೆಯೂ ಇರುವುದಿಲ್ಲ. ಈ ಕಾರಿಗೆ ಹೇಳಿ ಮಾಡಿಸಿದ ಹೊತ್ತು ಚಳಿಯ ಬೆಳಗು. ಬಾಗಿಲಿನ ಗಾಜುಗಳನ್ನು ಏರಿಸಿ, ಹೀಟರನ್ನು ಕಾಲಿನ ಕಡೆಗೆ ತಿರುಗಿಸಿ, ಕುತ್ತಿಗೆಗೊಂದು ಬಟ್ಟೆ ಸುತ್ತಿಕೊಂಡರೆ ಮೈ ಬೆಚ್ಚಗೆ, ಮುಖ ತಣ್ಣಗೆ ಇರುತ್ತದೆ. 2004ರ ಮರ್ಸಿಡಿಸ್ ಎಸ್ಎಲ್‌ಕೆ ಕಾರಿನಲ್ಲಿ ತಲೆದಿಂಬಿನ ಒಳಗಿಂದಲೇ ಕುತ್ತಿಗೆಗೆ ಬಿಸಿಗಾಳಿ ಊದುವ ವ್ಯವಸ್ಥೆ ತಂದದ್ದು ಇದೇ ಸುಖವನ್ನು ಚಳಿಗಾಲದೊಳಕ್ಕೂ ಚಾಚುವುದಕ್ಕಾಗಿ.

ಈಗ ಕೇಳಿ, ಎಡಗಡೆ ಬಂಡೆಯ ಗೋಡೆ ಬಂತು. ಮೂರನೆಯ ಗೇರಿನಿಂದ ಎರಡನೆಯದಕ್ಕೆ ಇಳಿಸುತ್ತಿದ್ದೇನೆ. ಸೈಲೆನ್ಸರಿನ ದನಿ ಬಂಡೆಗೆ ಬಡಿದು ಹಿಂದಿರುಗಿ ತಲೆಯ ಮೇಲಿಂದ ಬರುತ್ತಿದೆ. ಗೋಡೆ ಮುಗಿದೊಡನೆ ಅದೇ ದನಿ ಬಯಲಿನಲ್ಲಿ ಕರಗಿಹೋಗುತ್ತದೆ. ಈ ಸಂತೋಷಕ್ಕೆ ಅಪಾರ ಶಕ್ತಿಯ ಎಂಜಿನ್ ಬೇಕಿಲ್ಲ, ತಿರುಗಲು ಹಂಬಲಿಸುವ ಎಂಜಿನ್ ಸಾಕು. ಆ ಗುಣದಲ್ಲಿ 1999ರಲ್ಲಿ ಬಂದ ಹೋಂಡಾ ಎಸ್2000 ತುತ್ತತುದಿಯದ್ದು. ಅದರ ಎರಡು ಲೀಟರ್ ಎಂಜಿನ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದೆಯೇ, ನಿಮಿಷಕ್ಕೆ 9000 ಸುತ್ತುಗಳವರೆಗೆ ಏರುತ್ತಿತ್ತು. ಚಾವಣಿಯಿಲ್ಲದೆ ಅಂಥ ಎಂಜಿನ್ನಿನ ಹಿಂದೆ ಕುಳಿತರೆ ಹಾಡಿನ ಅಗತ್ಯವೇ ಬೀಳುವುದಿಲ್ಲ.

ಈ ಬಗೆಯ ಕಾರು ಒಂದು ಕಾಲಕ್ಕೆ ಮರೆಯಾಗುವ ಹಂತ ತಲುಪಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. 1962ರಲ್ಲಿ ಬ್ರಿಟನ್ನಿನಲ್ಲಿ ಲೋಟಸ್ ಎಲಾನ್ ಮತ್ತು ಎಂಜಿಬಿ ಎರಡೂ ಬಂದವು. ಹಗುರ ಮೈ, ಎರಡು ಸೀಟು, ಬಟ್ಟೆಯ ಚಾವಣಿ ಎಂಬ ಸೂತ್ರ ಆ ದಶಕದಲ್ಲಿ ಮನೆಮಾತಾಗಿತ್ತು. ಆಮೇಲೆ, ಮಗುಚಿಬಿದ್ದ ಕಾರಿನಲ್ಲಿ ಜನರನ್ನು ಕಾಪಾಡುವ ಬಗ್ಗೆ ಅಮೆರಿಕದಲ್ಲಿ ಕಠಿಣ ನಿಯಮ ಬರಲಿದೆ, ತೆರೆದ ಕಾರುಗಳನ್ನು ಅಲ್ಲಿ ಮಾರಲಾಗದು ಎಂಬ ಅಂಜಿಕೆ ಹಬ್ಬಿತು. 1975ರಲ್ಲಿ ಟ್ರಯಂಫ್ ಟಿಆರ್7 ಗಟ್ಟಿ ಚಾವಣಿಯೊಂದಿಗೇ ಹೊರಬಂತು. 1976ರ ಕ್ಯಾಡಿಲಾಕ್ ಎಲ್ಡೊರಾಡೊವನ್ನು ಅಮೆರಿಕದ ಕೊನೆಯ ಕನ್ವರ್ಟಿಬಲ್, ಅಂದರೆ ಚಾವಣಿ ತೆರೆಯುವ ಕಾರು, ಎಂದು ಸಾರಿ ಮಾರಿದರು. 1980ರಲ್ಲಿ ಎಂಜಿಬಿಯೂ ನಿಂತಿತು. ಮೊದಲ ಎಂಎಕ್ಸ್-5 ಅನ್ನು 1989ರ ಫೆಬ್ರವರಿಯಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ತೋರಿಸಿದಾಗ ಅದರಲ್ಲಿ ಇದ್ದದ್ದು 1.6 ಲೀಟರಿನ ಸಾಧಾರಣ ಎಂಜಿನ್. ಜನರಿಗೆ ಬೇಕಾಗಿದ್ದದ್ದು ಅದೇ ಎಂಬುದು ಬೇಗ ಸ್ಪಷ್ಟವಾಯಿತು. 2016ರ ಹೊತ್ತಿಗೆ ಅಂಥ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಬಲಕ್ಕಿಂತ ಹಗುರತನವೇ ಮುಖ್ಯ ಎಂದು ಅಷ್ಟು ಜನ ದುಡ್ಡು ಕೊಟ್ಟು ಒಪ್ಪಿದ್ದು ನನಗೆ ತುಂಬ ನೆಮ್ಮದಿ ಕೊಡುವ ಸಂಗತಿ.

ಚಾವಣಿ ತೆಗೆದರೆ ಕಾರು ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನೂ ಮುಚ್ಚಿಡಬಾರದು. ಮುಚ್ಚಿದ ಕಾರಿನಲ್ಲಿ ಚಾವಣಿ ಕೇವಲ ಮಳೆಗೆ ಮರೆಯಲ್ಲ, ಇಡೀ ಮೈಯನ್ನು ತಿರುಚದಂತೆ ಹಿಡಿದಿಡುವ ಒಂದು ಭಾಗವೂ ಹೌದು. ಅದನ್ನು ಕತ್ತರಿಸಿದರೆ ಗುಂಡಿಬಿದ್ದ ರಸ್ತೆಯಲ್ಲಿ ಡ್ಯಾಶ್‌ಬೋರ್ಡೂ ಸ್ಟೀರಿಂಗ್ ಕಂಬವೂ ನಡುಗತೊಡಗುತ್ತವೆ. ನಾಲ್ಕು ಸೀಟಿನ ಕಾರಿನ ಚಾವಣಿಯನ್ನು ಆಮೇಲೆ ತೆಗೆದು ಕನ್ವರ್ಟಿಬಲ್ ಮಾಡಿದಾಗ ಬಾಗಿಲಿನ ಕೆಳಗಿನ ಪಟ್ಟಿಗಳನ್ನು, ಮುಂಗಾಜಿನ ಕಂಬಗಳನ್ನು ದಪ್ಪ ಮಾಡಿ ಅಡಿಯಲ್ಲಿ ಅಡ್ಡ ಬಿಗಿತಗಳನ್ನು ಕೂಡಿಸಬೇಕಾಗುತ್ತದೆ, ಹಾಗಾಗಿ ಚಾವಣಿ ಕಳೆದ ಕಾರು ಚಾವಣಿ ಇದ್ದ ಕಾರಿಗಿಂತ ಭಾರವಾಗುತ್ತದೆ. ಎಲಾನ್ ಕಾರಿನ ಜಾಣ್ಮೆ ಇಲ್ಲಿಯೇ ಇತ್ತು: ಅದರ ನಡುವೆ ಉಕ್ಕಿನ ಬೆನ್ನೆಲುಬಿನಂಥ ಚಾಸಿಯಿದ್ದು, ಫೈಬರ್‌ಗ್ಲಾಸಿನ ಮೈ ಅದರ ಮೇಲೆ ಕುಳಿತಿದ್ದುದರಿಂದ ಚಾವಣಿಯ ಆಸರೆಯೇ ಬೇಕಿರಲಿಲ್ಲ, ತೂಕವೂ ಸುಮಾರು 700 ಕಿಲೋ ಮಾತ್ರ. ಮೊದಲಿನಿಂದಲೇ ತೆರೆದ ಕಾರಾಗಿ ರೂಪಿಸಿದ್ದು ಮತ್ತು ಆಮೇಲೆ ತೆರೆದದ್ದು, ಇವೆರಡರ ನಡುವಿನ ವ್ಯತ್ಯಾಸ ಮೊದಲ ತಿರುವಿನಲ್ಲೇ ಕೈಗೆ ತಿಳಿಯುತ್ತದೆ.

ಲೋಹದ ಚಾವಣಿಯನ್ನೇ ಮಡಚಿ ಡಿಕ್ಕಿಯಲ್ಲಿ ಇಡುವ ಕಾರುಗಳೂ ಇವೆ. 1934ರಲ್ಲೇ ಪ್ಯೂಜೋ ಕಂಪನಿ ತನ್ನ 401 ಎಕ್ಲಿಪ್ಸ್ ಕಾರಿನಲ್ಲಿ ಇದನ್ನು ಮಾಡಿ ತೋರಿಸಿತ್ತು. ಅದ್ಭುತ ಯಂತ್ರಕೌಶಲ ಹೌದು, ಆದರೆ ಎತ್ತರದಲ್ಲಿ ಕೂರುವ ಆ ಭಾರ ಪುಟ್ಟ ಸ್ಪೋರ್ಟ್ಸ್ ಕಾರಿಗೆ ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಟ್ಟೆಯ ಚಾವಣಿ ಕೇಳುವ ಆರೈಕೆಯೂ ಅಷ್ಟೇನಿಲ್ಲ. ಒದ್ದೆಯಿದ್ದಾಗ ಮಡಚಿ ಬಹಳ ಹೊತ್ತು ಇಟ್ಟರೆ ಬೂಷ್ಟು ಹಿಡಿಯುತ್ತದೆ, ಒಣಗಿದ ಮೇಲೆ ಮಡಚಬೇಕು. ಮೃದುವಾದ ಬ್ರಷ್ಷಿನಲ್ಲಿ ತೊಳೆಯಬೇಕು. ಚಾವಣಿಯ ಬುಡದಲ್ಲಿ ನೀರು ಹರಿದುಹೋಗುವ ಸಣ್ಣ ರಂಧ್ರಗಳಲ್ಲಿ ಎಲೆಯ ಚೂರು ಸೇರದಂತೆ ಆಗಾಗ ನೋಡಿಕೊಳ್ಳಬೇಕು, ಇಲ್ಲವಾದರೆ ಮಳೆಯ ನೀರು ಸೀಟಿನ ಕೆಳಗೆ ಬಂದು ನಿಲ್ಲುತ್ತದೆ.

ಸಿಗ್ನಲ್ಲಿನಲ್ಲಿ ನಿಂತಿದ್ದೇನೆ. ಪಕ್ಕದ ಬಸ್ಸಿನ ಕಿಟಕಿಯಿಂದ ಒಂದು ಮಗು ಕೈ ಬೀಸುತ್ತಿದೆ, ನಾನೂ ಬೀಸುತ್ತಿದ್ದೇನೆ. ತೆರೆದ ಕಾರಿನಲ್ಲಿ ಕುಳಿತವನ ಮುಖ ಎಲ್ಲರಿಗೂ ಕಾಣುತ್ತದೆ, ಅವನ ಮಾತು ಎಲ್ಲರಿಗೂ ಕೇಳುತ್ತದೆ. ಕಪ್ಪು ಗಾಜಿನ ಹಿಂದೆ ಅಡಗಿ ಹಾರ್ನ್ ಒತ್ತುವ ಧೈರ್ಯ ಇಲ್ಲಿ ಹುಟ್ಟುವುದೇ ಇಲ್ಲ. ಪಾದಚಾರಿಗೆ ದಾರಿ ಬಿಟ್ಟರೆ ಅವರು ಕಣ್ಣಲ್ಲಿ ಕಣ್ಣಿಟ್ಟು ತಲೆಯಾಡಿಸಿ ಹೋಗುತ್ತಾರೆ. ಹಿಂದಿನಿಂದ ಬರುವ ಸೈಕಲ್ಲಿನ ಗಂಟೆ ಕನ್ನಡಿಯಲ್ಲಿ ಸೈಕಲ್ ಕಾಣುವ ಮೊದಲೇ ಕೇಳುತ್ತದೆ. ಚಾವಣಿ ಇಳಿಸಿದ ದಿನ ನಾನು ಹೆಚ್ಚು ತಾಳ್ಮೆಯಿಂದ ಓಡಿಸುತ್ತೇನೆ, ಅದಕ್ಕೆ ಈ ಸಂಪರ್ಕವೇ ಕಾರಣ ಎಂದು ನನಗೆ ಅನಿಸುತ್ತದೆ.

ಒಂದೆರಡು ಹನಿ ಬಿದ್ದವು. ತುಂತುರು ಮಾತ್ರವಾದರೆ ಹೆದರಬೇಕಿಲ್ಲ. ಕಾರು ಸಾಗುತ್ತಿರುವಷ್ಟು ಹೊತ್ತು ಮುಂಗಾಜಿನಿಂದ ಮೇಲೆದ್ದ ಗಾಳಿ ಬಹುಪಾಲು ಹನಿಗಳನ್ನು ತಲೆಯ ಮೇಲಿಂದ ಹಿಂದಕ್ಕೆ ಒಯ್ಯುತ್ತದೆ. ಕಾರು ನಿಂತಾಗ ನೆನೆಯುತ್ತೇವೆ. ಮಳೆ ಜೋರಾದರೆ ಸುರಕ್ಷಿತವಾದ ಜಾಗ ನೋಡಿ ಬದಿಗೆ ನಿಲ್ಲಿಸಿ ಚಾವಣಿ ಎಳೆದುಕೊಳ್ಳುವುದೇ ಸರಿ.

ನಿಮಗೂ ಒಮ್ಮೆ ಓಡಿಸುವ ಆಸೆಯಿದ್ದರೆ ಕೊಳ್ಳಲೇಬೇಕೆಂದಿಲ್ಲ, ಬಾಡಿಗೆಗೆ ಸಿಗುವ ಕಡೆ ಒಂದು ದಿನಕ್ಕೆ ತೆಗೆದುಕೊಳ್ಳಿ. ಇದ್ದುದರಲ್ಲಿ ಚಿಕ್ಕದನ್ನು, ಹಗುರವಾದದ್ದನ್ನು, ಸಾಧ್ಯವಾದರೆ ಕೈಯಿಂದ ಗೇರ್ ಹಾಕುವಂಥದ್ದನ್ನು ಆರಿಸಿ. ಹೆದ್ದಾರಿಯನ್ನು ಬಿಟ್ಟು ಮರಗಳಿರುವ, ಏರಿಳಿತವಿರುವ, ಲಾರಿಗಳಿಲ್ಲದ ಹಳೆಯ ರಸ್ತೆ ಹಿಡಿಯಿರಿ. ಬೆಳಗು ಹರಿಯುವ ಮೊದಲೇ ಹೊರಡಿ, ಬಾಗಿಲಿನ ಗಾಜುಗಳನ್ನು ಏರಿಸಿಕೊಳ್ಳಿ, ಕಿವಿ ಮುಚ್ಚುವ ಟೋಪಿ ಹಾಕಿಕೊಳ್ಳಿ, ಹಗುರವಾದ ಕಾಗದ ಪತ್ರಗಳನ್ನೆಲ್ಲ ಡಿಕ್ಕಿಗೆ ಸೇರಿಸಿ. ಮೊದಲ ಅರ್ಧ ಗಂಟೆ ಹಾಡು ಹಾಕಬೇಡಿ.